ಒದ್ದೆ ಕಡೆಯವರ ನಡುಪಟ್ಟಿ

ಮೊದಲೇ ಒಂದು ಮಾತು. ಇದನ್ನು ಹೇಳುವುದೋ ಬೇಡವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದ್ದಾಯಿತು. ಹೆಂಗಸರು ಹೆಂಗಸರ ಮುಂದೆಯೂ ಬಾಯಿಬಿಟ್ಟು ಆಡದ ವಿಷಯ ಇದು. ಹೇಳುತ್ತಿರುವವರು ವೈದ್ಯರೂ ಅಲ್ಲ. ತಿಳಿದವರನ್ನು ಒಂದಕ್ಕೆರಡು ಸಲ ಕೇಳಿ ಬರೆದದ್ದು. ಆದರೂ ಎಲ್ಲಾದರೂ ತಪ್ಪಿದ್ದರೆ ತಿಳಿದವರು ತಿದ್ದಬೇಕು. ಕೇಳಿ ಯಾರಿಗಾದರೂ ಮುಜುಗರವಾದರೆ ಅದಕ್ಕೂ ಕ್ಷಮೆ ಇರಲಿ. ಮುಜುಗರ ಒಂದು ಗಳಿಗೆ ಇದ್ದು ಹೋಗುತ್ತದೆ. ಈ ಕಥೆಯ ಹೆಂಗಸು ಮುಚ್ಚಿಟ್ಟುಕೊಂಡದ್ದು ಎಂಟು ತಿಂಗಳು.

ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಊರಿನ ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಆಸ್ಪತ್ರೆ, ವಸತಿಗೃಹ, ಹಾಸ್ಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೆ ಬರುತ್ತಿತ್ತು. ಲಾಂಡ್ರಿಯಲ್ಲಿ ಎರಡು ಪಾಲು. ಇಸ್ತ್ರಿ ಹಾಕಿ ಮಡಿಸುವವರದು ಒಣ ಕಡೆ. ಒಗೆದು, ಹಿಂಡಿ, ಹೊತ್ತು, ಹಗ್ಗಕ್ಕೆ ಹಾಕುವವರದು ಒದ್ದೆ ಕಡೆ. ಒಣ ಕಡೆಯವರಿಗೆ ಕುರ್ಚಿ ಉಂಟು. ಒದ್ದೆ ಕಡೆಯವರಿಗೆ ನೀರು ನಿಂತ ನೆಲ, ಜಾರುವ ಮೆಟ್ಟಿಲು, ಹಿಂಡಿದರೂ ಹೆಣಭಾರ ಇರುವ ಬಟ್ಟೆಯ ಮೂಟೆ. ಇಂಥ ಒದ್ದೆ ಕಡೆಯಲ್ಲಿ ದೊಡ್ಡಕ್ಕ ಇಪ್ಪತ್ತಮೂರು ವರ್ಷ ತೆಗೆದಿದ್ದಳು.

ಅಲ್ಲಿ ಒಂದು ಪದ್ಧತಿ ಇತ್ತು. ಕೆಲಸಕ್ಕೆ ಇಳಿಯುವ ಮೊದಲು ಪ್ರತಿಯೊಬ್ಬಳೂ ನಡುವಿಗೆ ಒಂದು ಪಟ್ಟಿ ಬಿಗಿಯಬೇಕು. ಹರಿದ ಹಾಸಿಗೆ ಬಟ್ಟೆಯ ಅಂಚನ್ನು ಗೇಣಗಲ ಸೀಳಿ ಮಾಡಿದ ಪಟ್ಟಿ. ಅದನ್ನು ಹೊಟ್ಟೆಗೆ ಮೂರು ಸುತ್ತು ಸುತ್ತಿ, ಉಸಿರು ಎಳೆಯಲು ಕಷ್ಟವಾಗುವಷ್ಟು ಬಿಗಿದು ಗಂಟು ಹಾಕುವುದು. ಹೊಸಬಳು ಬಂದರೆ ಮೊದಲ ದಿನ ಕಟ್ಟುವುದು ದೊಡ್ಡಕ್ಕನ ಕೈ. ಹೊಸಬಳ ಸೊಂಟಕ್ಕೆ ಮೊಣಕಾಲು ಊರಿ, ಎರಡೂ ಕೈಯಿಂದ ಎಳೆದು, "ಉಸಿರು ಬಿಡು... ಇನ್ನೂ ಬಿಡು... ಹಾಂ, ಈಗ ನೀನು ಒದ್ದೆ ಕಡೆಯವಳಾದೆ" ಎನ್ನುತ್ತಿದ್ದಳು. ಉಳಿದವರು ನಗುತ್ತಿದ್ದರು. ಒಳಗಿನದೆಲ್ಲ ಇದ್ದಲ್ಲೇ ಇರಲಿ, ಭಾರ ಎತ್ತುವಾಗ ಜಾರದಿರಲಿ ಎಂದೇ ಈ ಪಟ್ಟಿ. ಯಾರು ಶುರುಮಾಡಿದರೋ ಗೊತ್ತಿಲ್ಲ. ದೊಡ್ಡಕ್ಕನಿಗೂ ಅವಳಿಗಿಂತ ಹಿರಿಯಳೊಬ್ಬಳು ಕಟ್ಟಿದ್ದಳು.

ಎಂಟು ತಿಂಗಳ ಹಿಂದೆ, ಮೂಟೆ ಹೊತ್ತು ಮೆಟ್ಟಿಲು ಹತ್ತುವಾಗ, ದೊಡ್ಡಕ್ಕನಿಗೆ ಕೆಳಗೆ ಏನೋ ಇಳಿದ ಹಾಗಾಯಿತು. ನೋವಿಲ್ಲ. ಭಾರ. ಎರಡು ಕಾಲಿನ ನಡುವೆ ಒಂದು ಮೊಟ್ಟೆ ಕೂತ ಹಾಗೆ. ಕಕ್ಕಸಿಗೆ ಹೋಗಿ ನೋಡಿಕೊಂಡಳು. ಕೈಗೆ ಮೆತ್ತಗೆ, ದುಂಡಗೆ ಏನೋ ತಗುಲಿತು. ಮನೆಗೆ ಹೋಗಿ ಮಲಗಿದರೆ ಅದು ತಾನಾಗಿ ಒಳಗೆ ಸೇರಿತು. ಬೆಳಗ್ಗೆ ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಾಜರು.

ಇಂಥ ಹೊತ್ತಿನಲ್ಲಿ ಮನುಷ್ಯ ತನಗೆ ಗೊತ್ತಿರುವ ಮದ್ದನ್ನೇ ಮಾಡುತ್ತಾನೆ. ದೊಡ್ಡಕ್ಕನಿಗೆ ಗೊತ್ತಿದ್ದದ್ದು ಪಟ್ಟಿ. ಮೂರು ಸುತ್ತು ಇದ್ದದ್ದನ್ನು ನಾಲ್ಕು ಮಾಡಿದಳು. ಒಂದು ತಿಂಗಳಾದ ಮೇಲೆ ಐದು. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನು ಬಿಟ್ಟಳು. ನೀರು ಬಿಟ್ಟದ್ದಕ್ಕೆ ಮಲ ಗಟ್ಟಿಯಾಯಿತು, ತಿಣುಕಬೇಕಾಯಿತು, ತಿಣುಕಿದ್ದಕ್ಕೆ ಅದು ಇನ್ನಷ್ಟು ಕೆಳಗೆ ಬಂತು. ಯಾಕೆ ಕಾಲಗಲಿಸಿ ನಡೆಯುತ್ತೀಯೆಂದು ಯಾರಾದರೂ ಕೇಳಿದರೆ ಮಂಡಿನೋವು ಎನ್ನುತ್ತಿದ್ದಳು. ಪಾಪ, ಆ ಮಂಡಿಗೆ ಗಂಡ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದ.

ಒಂದೇ ಒಂದು ಸಲ ಧೈರ್ಯ ಮಾಡಿ, ಯಾರಿಗೂ ಹೇಳದೆ, ದೂರದ ಬಡಾವಣೆಯ ಆಸ್ಪತ್ರೆಗೆ ಹೋಗಿದ್ದಳು. ಜನವೋ ಜನ. ವೈದ್ಯೆ ನೋಡಿದರು, ಬರೆದರು, "ಮುಂದಿನ ವಾರ ಬನ್ನಿ, ಕೂತು ಮಾತಾಡೋಣ" ಎಂದರು. ಚೀಟಿಯ ಮೇಲಿನ ಪದವನ್ನು ಹೊರಗೆ ಕೂತಿದ್ದ ಒಬ್ಬ ಹುಡುಗಿ ಓದಿ ಹೇಳಿದಳು: ಪ್ರೊಲ್ಯಾಪ್ಸ್.

ಆ ಪದ ದೊಡ್ಡಕ್ಕನಿಗೆ ಹೊಸದಲ್ಲ. ಎದುರುಮನೆಯ ಟೈಲರ್ ತನ್ನ ಹೆಂಡತಿಯ ಚೀಟಿ ಹಿಡಿದು ಬೀದಿಯಲ್ಲೆಲ್ಲ ಇದೇ ಪದ ಹೇಳಿದ್ದ. ಅವಳಿಗೆ ಹೃದಯದ ತೊಂದರೆ. ಪೇಟೆಯ ದೊಡ್ಡಾಸ್ಪತ್ರೆಗೆ ಹೋದವಳು ಎರಡು ತಿಂಗಳಾದರೂ ಮನೆಗೆ ಬಂದಿರಲಿಲ್ಲ. 'ಹೃದಯಕ್ಕೂ ಇದೇ, ನನ್ನ ಕೆಳಹೊಟ್ಟೆಗೂ ಇದೇ. ಅಂದರೆ ಮೈಯೆಲ್ಲ ಹರಡುವ ಜಾತಿಯದು. ಕ್ಯಾನ್ಸರಿನ ಅಕ್ಕನೋ ತಂಗಿಯೋ ಇರಬೇಕು.' ಹೀಗೆ ತಾನೇ ತೀರ್ಮಾನ ಮಾಡಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದದ ಕೆಳಗೆ ಸೇರಿಸಿದಳು. ಮುಂದಿನ ವಾರ ಹೋಗಲಿಲ್ಲ.

ಇದೇ ಸಮಯಕ್ಕೆ ಸೊಸೆ ಕೆಲಸಕ್ಕೆ ಮರಳುವ ಮಾತು ಬಂತು. ಸೊಸೆಗೆ ಹೆರಿಗೆಯಾಗಿ ನಾಲ್ಕು ತಿಂಗಳು. ಹೆರಿಗೆ ಸುಲಭದ್ದಲ್ಲ, ಒಂದು ಹಗಲು ಒಂದು ಇರುಳು ನೋವು ತಿಂದಿದ್ದಳು. ಮೊದಲು ಒಣ ಕಡೆಯಲ್ಲಿದ್ದವಳಿಗೆ ಈಗ ಅಲ್ಲಿ ಜಾಗ ಇರಲಿಲ್ಲ. ಬರುವುದಾದರೆ ಒದ್ದೆ ಕಡೆಗೆ ಬಾ ಎಂದು ಮೇಸ್ತ್ರಿ ಹೇಳಿ ಕಳಿಸಿದ್ದ.

ಶನಿವಾರ ಸಂಜೆ ಮಗುವಿನ ಬಟ್ಟೆ ಮಡಿಸುತ್ತ ಸೊಸೆ ಮೆಲ್ಲಗೆ ಬಾಯಿಬಿಟ್ಟಳು. "ಅತ್ತೆ, ಒಂದು ಮಾತು ಕೇಳ್ತೀನಿ, ನಗಬಾರದು."

"ನಗೋ ಮಾತಾದ್ರೆ ನಗ್ತೀನಿ. ಹೇಳು."

"ಕೆಮ್ಮಿದ್ರೆ, ಸೀನಿದ್ರೆ... ಒಂದೆರಡು ಹನಿ ತಾನಾಗೇ ಹೋಗಿಬಿಡುತ್ತೆ. ಹೆರಿಗೆ ಆದಾಗಿಂದ."

ದೊಡ್ಡಕ್ಕ ಮಡಿಸಿಟ್ಟಿದ್ದ ಮಗುವಿನ ಟೋಪಿಯನ್ನು ಬಿಚ್ಚಿ ಮತ್ತೆ ಮಡಿಸಿದಳು. "ಹೆತ್ತವರಿಗೆಲ್ಲ ಇದ್ದದ್ದೇ ಕಣಮ್ಮ. ಯಾರೂ ಹೇಳಲ್ಲ ಅಷ್ಟೇ. ಸೋಮವಾರ ನಾನೇ ಪಟ್ಟಿ ಕಟ್ತೀನಿ. ಬಿಗಿಯಾಗಿ ಕಟ್ಟಿದ್ರೆ ಎಲ್ಲ ಸರಿಹೋಗುತ್ತೆ."

"ನೀವು ಕಟ್ಟಿದ್ರೆ ನಂಗೆ ಧೈರ್ಯ" ಎಂದಳು ಸೊಸೆ.

ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು. ದೊಡ್ಡಕ್ಕ ಎದ್ದು ನೀರಿನ ಕೊಡದ ಹತ್ತಿರ ಹೋದಳು. ಬಾಯಾರಿದ್ದರೂ ಕುಡಿಯಲಿಲ್ಲ.

ಭಾನುವಾರ ಬೆಳಗ್ಗೆ ಮೊಟ್ಟೆಯಕ್ಕ ಬಂದಳು. ತಲೆಯ ಮೇಲೆ ಮೊಟ್ಟೆ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗುತ್ತಿದ್ದ ಕಾಲ ಒಂದಿತ್ತು. ಈಗ ಎರಡು ಗಾಲಿಯ ತಳ್ಳುಗಾಡಿ. ಅದಕ್ಕೂ ಹಿಂದೆ ಅವಳೂ ಒದ್ದೆ ಕಡೆಯವಳೇ, ದೊಡ್ಡಕ್ಕನ ಜೊತೆಯವಳು. ಯಾಕೆ ಕೆಲಸ ಬಿಟ್ಟಳೆಂದು ಯಾರಿಗೂ ಹೇಳಿರಲಿಲ್ಲ. ಬಾಯಿ ಮಾತ್ರ ಜೋರು. ಆ ಬಾಯಿಗೆ ಹೆದರಿ ಹುಂಜವೂ ಮೊಟ್ಟೆ ಇಡುತ್ತದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ದೊಡ್ಡಕ್ಕ ಬಾಗಿಲಿಗೆ ಒರಗಿ ನಿಂತೇ ಮೊಟ್ಟೆ ಆರಿಸತೊಡಗಿದಳು.

"ಕೂತ್ಕೊಂಡು ಆರಿಸೇ. ನಿನ್ನ ಮನೆ ಕಟ್ಟೆ ಸವೆಯಲ್ಲ."

"ಮಂಡಿ ನೋವು."

"ಯಾವ ಮಂಡಿ?"

"ಎಡದ್ದು."

"ಹೋದ ವಾರ ಬಲದ್ದು ಅಂದಿದ್ದೆ." ಮೊಟ್ಟೆಯಕ್ಕ ಗಾಡಿ ಬಿಟ್ಟು ಹತ್ತಿರ ಬಂದಳು. ದನಿ ಇಳಿಸಿದಳು. ಅವಳ ದನಿ ಇಳಿದದ್ದನ್ನು ದೊಡ್ಡಕ್ಕ ಅದೇ ಮೊದಲು ಕೇಳಿದ್ದು. "ಕೆಳಗೆ ಇಳಿದಿದೆಯಾ?"

ದೊಡ್ಡಕ್ಕ ಕೈಯಲ್ಲಿದ್ದ ಮೊಟ್ಟೆಯನ್ನು ವಾಪಸು ಗಾಡಿಯ ಬುಟ್ಟಿಗಿಟ್ಟಳು. ಕಣ್ಣು ತುಂಬಿ ಬಂತು.

"ಎಷ್ಟು ದಿನದಿಂದ?"

"ಎಂಟು ತಿಂಗಳು."

"ಹೇಗಿರುತ್ತೆ?"

"ಒಂದು... ಮೊಟ್ಟೆ ಕೂತ ಹಾಗೆ."

"ಅಯ್ಯೋ ಇವಳ! ಮೊಟ್ಟೆ ಮಾರೋಳು ನಾನು, ಇಟ್ಕೊಂಡು ತಿರುಗೋಳು ನೀನಾ?"

ಅಳುತ್ತಿದ್ದ ದೊಡ್ಡಕ್ಕನಿಗೆ ನಗು ಬಂತು. ನಕ್ಕರೆ ಕೆಳಗೆ ಭಾರ ಬೀಳುತ್ತದೆಂದು ತುಟಿ ಕಚ್ಚಿದಳು. ಅದನ್ನು ನೋಡಿ ಮೊಟ್ಟೆಯಕ್ಕ ನಗು ನಿಲ್ಲಿಸಿದಳು.

"ನಂಗೂ ಇದೆ ಕಣೇ. ಅದಕ್ಕೇ ಕೆಲಸ ಬಿಟ್ಟಿದ್ದು. ಆರು ವರ್ಷದಿಂದ ಒಳಗೆ ರಿಂಗ್ ಹಾಕ್ಕೊಂಡೇ ಓಡಾಡ್ತಿದೀನಿ. ಹೀಗೆ ಬಾಯಿ ಮಾಡ್ಕೊಂಡು ಬೀದಿ ಸುತ್ತೋಳಿಗೆ ಅದಿದೆ ಅಂತ ನಿಂಗೆ ಯಾವತ್ತಾದ್ರೂ ಅನ್ನಿಸಿತ್ತಾ?"

"ರಿಂಗಾ? ಎಂಥಾ ರಿಂಗು?"

"ಮದುವೆ ಉಂಗುರ ಅಲ್ಲ ಬಿಡು. ಮೆತ್ತಗೆ, ಬಳೆ ಥರ. ಜಾರಿದ್ದನ್ನ ಮೇಲೆ ಹಿಡ್ಕೊಂಡಿರುತ್ತೆ. ನಮ್ಮ ಬೀದಿ ಆರೋಗ್ಯ ಕೇಂದ್ರದಲ್ಲೇ ಹಾಕಿದ್ರು. ನಾಳೆ ಬಾ, ನಾನೇ ಕರ್ಕೊಂಡು ಹೋಗ್ತೀನಿ."

"ಬೇಡ. ಪಟ್ಟಿ ಕಟ್ಕೋತಿದೀನಲ್ಲ. ಐದು ಸುತ್ತು."

"ಆ ಕೇಂದ್ರದ ಸಿಸ್ಟರ್ ನಂಗೆ ಮೊದಲು ಬಿಡಿಸಿದ್ದೇ ಪಟ್ಟಿನ. ಅದು ಹಿಡಿಯಲ್ವಂತೆ, ತಳ್ಳುತ್ತಂತೆ."

"ಸುಮ್ನಿರೇ. ಇಪ್ಪತ್ತಮೂರು ವರ್ಷದಿಂದ ಕಟ್ತಾ ಬಂದಿದೀನಿ. ನಿಂಗೂ ನಾನೇ ಕಟ್ಟಿದ್ದು."

"ಹೌದು. ನಂಗೂ ನೀನೇ ಕಟ್ಟಿದ್ದು."

ಮೊಟ್ಟೆಯಕ್ಕ ದೂರುವ ದನಿಯಲ್ಲಿ ಹೇಳಲಿಲ್ಲ. ಆದರೆ ದೊಡ್ಡಕ್ಕನಿಗೆ ಅದು ಕೆನ್ನೆಗೆ ಬಾರಿಸಿದ ಹಾಗಾಯಿತು. "ನಿನ್ನ ಮೈ ಜಾರಿದ್ದಕ್ಕೆ ನನ್ನ ಕೈ ಕಾರಣನಾ? ಹೋಗು, ನಿನ್ನ ಮೊಟ್ಟೆನೂ ಬೇಡ, ನಿನ್ನ ಬುದ್ಧಿನೂ ಬೇಡ" ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಬಂದು ಹಾಸಿಗೆಯ ಮೇಲೆ ಬಿದ್ದುಕೊಂಡಳು. ಅದು ತಾನಾಗಿ ಮೇಲೆ ಸರಿಯಿತು. ಮನಸ್ಸಿನೊಳಗಿನದು ಮಾತ್ರ ಸರಿಯಲಿಲ್ಲ. ಮೊಟ್ಟೆಯಕ್ಕನ ಮಾತು ನಿಜವಾಗಿದ್ದರೆ? ತಾನು ಕಟ್ಟಿದವರನ್ನು ಒಬ್ಬೊಬ್ಬರಾಗಿ ನೆನೆಯತೊಡಗಿದಳು. ಹತ್ತು, ಹದಿನೈದು, ಇಪ್ಪತ್ತು... ಮುಖಗಳು ನೆನಪಾದವು, ಎಷ್ಟೆಂಬುದು ನೆನಪಾಗಲಿಲ್ಲ.

ಸೋಮವಾರ. ಒದ್ದೆ ಕಡೆಯ ಗೋಡೆಯ ಮೊಳೆಗೆ ಪಟ್ಟಿಗಳು ಸಾಲಾಗಿ ತೂಗುತ್ತಿದ್ದವು. ಹೆಂಗಸರು ಒಬ್ಬರಿಗೊಬ್ಬರು ಬಿಗಿಯುತ್ತ, ರೇಗಿಸುತ್ತ ನಿಂತಿದ್ದರು. ಸೊಸೆ ಎರಡೂ ತೋಳು ಮೇಲೆತ್ತಿ ಅತ್ತೆಯ ಮುಂದೆ ನಿಂತಳು.

"ದೊಡ್ಡಕ್ಕ, ಸೊಸೆ ಅಂತ ಸಡಿಲ ಕಟ್ಟಬೇಡ ಮತ್ತೆ! ನಮಗೆ ಕಣ್ಣಲ್ಲಿ ನೀರು ಬರಿಸಿದೀಯ" ಎಂದಳೊಬ್ಬಳು. ಎಲ್ಲರೂ ಅವಳನ್ನು ಬಾಣಲೆ ಎನ್ನುತ್ತಿದ್ದರು. ಮಾತು ಯಾವಾಗಲೂ ಚುರ್ ಎನ್ನುವಂಥದ್ದು.

ದೊಡ್ಡಕ್ಕ ಒಂದು ಸುತ್ತು ಸುತ್ತಿದಳು. ಎರಡು. ಮೂರನೆಯದಕ್ಕೆ ಮೊಣಕಾಲು ಊರಿ ಎಳೆದಳು. ಸೊಸೆ ತಟ್ಟನೆ ಅವಳ ಭುಜ ಹಿಡಿದುಕೊಂಡಳು.

"ಅತ್ತೆ, ಸ್ವಲ್ಪ ತಡೀರಿ. ಎಳೆದಾಗ... ಕೆಳಗೆ ಏನೋ ಭಾರ ಬೀಳೋ ಹಾಗೆ ಆಗುತ್ತೆ."

ದೊಡ್ಡಕ್ಕ ಎಳೆಯುವುದನ್ನು ನಿಲ್ಲಿಸಿದಳು. ಎಂಟು ತಿಂಗಳಿಂದ ಪ್ರತಿದಿನ ಬೆಳಗ್ಗೆ ಕೊನೆಯ ಸುತ್ತಿಗೆ ತನಗೂ ಅದೇ ಆಗುತ್ತಿತ್ತು. ಬಿಗಿ ಹತ್ತುವುದೆಂದರೆ ಹಾಗೇ ಎಂದುಕೊಂಡಿದ್ದಳು. ಹುಡುಗಿಯ ಮುಖ ನೋಡಿದಳು. ಇಪ್ಪತ್ತನಾಲ್ಕು ವರ್ಷ. ಮನೆಯಲ್ಲಿ ನಾಲ್ಕು ತಿಂಗಳ ಕೂಸು. ಇನ್ನು ಇಪ್ಪತ್ತು ಮೂವತ್ತು ವರ್ಷ ಈ ಮೂಟೆ ಹೊರಬೇಕಾದ ಮೈ.

ಗಂಟು ಬಿಚ್ಚಿದಳು. ಪಟ್ಟಿಯನ್ನು ಉಂಡೆ ಮಾಡಿ ಹಿಡಿದು, ಸೊಸೆಯ ಕೈಹಿಡಿದು ಹೊರಟಳು.

"ಎಲ್ಲಿಗೆ ದೊಡ್ಡಕ್ಕ?" ಮೇಸ್ತ್ರಿ ಕೂಗಿದ. "ಆಸ್ಪತ್ರೆ ಲೋಡು ಬಂದು ಬಿದ್ದಿದೆ!"

"ಬಿದ್ದದ್ದು ಬಿದ್ದಿರಲಿ ಅಂತ ಬಿಟ್ಟು ಬಿಟ್ಟೇ ಹೀಗಾಗಿರೋದು" ಎಂದಳು ದೊಡ್ಡಕ್ಕ. ಮೇಸ್ತ್ರಿಗೆ ಅರ್ಥವಾಗಲಿಲ್ಲ.

ಆರೋಗ್ಯ ಕೇಂದ್ರದ ಬಾಗಿಲಲ್ಲಿ ಮೊಟ್ಟೆಯಕ್ಕನ ಗಾಡಿ ನಿಂತಿತ್ತು. ಬೆಳಗ್ಗೆಯಿಂದ ಅಲ್ಲೇ ವ್ಯಾಪಾರ ಮಾಡುತ್ತಿದ್ದಳಂತೆ. ದೊಡ್ಡಕ್ಕನನ್ನು ಕಂಡು ಒಳಗೆ ಹೋಗೆಂದು ತಲೆಯಲ್ಲೇ ಸನ್ನೆ ಮಾಡಿದಳು.

ನರ್ಸ್ ನಡುವಯಸ್ಸಿನ ಹೆಂಗಸು. ಬಾಗಿಲು ಹಾಕಿ, ಪರದೆ ಎಳೆದು, ಎದುರು ಕೂತರು. ದೊಡ್ಡಕ್ಕ ಮೊದಲು ಸೊಸೆಯದನ್ನು ಹೇಳಿದಳು. ಆಮೇಲೆ ನೆಲ ನೋಡುತ್ತ ತನ್ನದನ್ನು ಹೇಳಿದಳು.

"ಅತ್ತೆ! ಎಂಟು ತಿಂಗಳು? ನನ್ನ ಬಾಣಂತನ ಮಾಡಿದ್ರಲ್ಲ, ನೀರು ಹೊತ್ತು ಹಾಕಿದ್ರಲ್ಲ..."

"ಸುಮ್ನಿರು. ಸಿಸ್ಟರ್, ನಾನು ಸಾಯ್ತೀನಾ? ಅದನ್ನ ಮೊದಲು ಹೇಳಿ. ಚೀಟೀಲಿ ಪ್ರೊಲ್ಯಾಪ್ಸ್ ಅಂತ ಬರೆದಿದ್ರು. ನಮ್ಮ ಎದುರುಮನೆಯವಳಿಗೆ ಹೃದಯದಲ್ಲಿ ಅದೇ ಬಂದಿದೆ."

ನರ್ಸ್ ನಗಲಿಲ್ಲ. "ಅದು ಕ್ಯಾನ್ಸರ್ ಅಲ್ಲ ದೊಡ್ಡಕ್ಕ. ಹರಡೋದೂ ಇಲ್ಲ, ಅಂಟೋದೂ ಇಲ್ಲ. ಪ್ರೊಲ್ಯಾಪ್ಸ್ ಅಂದ್ರೆ ಜಾರೋದು, ಅಷ್ಟೇ. ಒಳಗಿನ ಒಂದು ಭಾಗ ತಾನಿರೋ ಜಾಗ ಬಿಟ್ಟು ಜಾರಿದ್ರೆ ಡಾಕ್ಟರು ಹಾಗೆ ಬರೀತಾರೆ. ಯಾವುದು ಜಾರಿದೆ ಅಂತ ಪಕ್ಕದಲ್ಲಿ ಬರೆದಿರ್ತಾರೆ. ಗರ್ಭಕೋಶ ಜಾರಬಹುದು, ಮೂತ್ರಚೀಲ ಜಾರಬಹುದು, ಗುದ ಜಾರಬಹುದು. ಗುದ ಜಾರೋದು ಗಂಡಸರಿಗೂ ಉಂಟು. ಹೃದಯದಲ್ಲಿ ರಕ್ತಕ್ಕೆ ಬಾಗಿಲ ಹಾಗಿರೋ ಕವಾಟ ಇರುತ್ತೆ, ಅದು ಹಿಂದಕ್ಕೆ ಬಾಗಿದ್ರೂ ಇದೇ ಪದ. ಅದಕ್ಕೂ ನಿಮ್ಮದಕ್ಕೂ ಯಾವ ನೆಂಟಸ್ತಿಕೆನೂ ಇಲ್ಲ."

"ಅಂದ್ರೆ ನಂಗೆ ಜಾರಿರೋದು ಯಾವುದು?"

"ಇದನ್ನೇ ಆವತ್ತೇ ಕೇಳಬೇಕಿತ್ತು. ಈ ಪದ ಕಂಡ್ರೆ ಎರಡು ಪ್ರಶ್ನೆ ಕೇಳಿ. ಯಾವುದು ಜಾರಿದೆ? ಎಷ್ಟು ಜಾರಿದೆ? ಇಷ್ಟು ಗೊತ್ತಾದ್ರೆ ಅರ್ಧ ಹೆದರಿಕೆ ಹೋಗುತ್ತೆ."

"ಇನ್ನರ್ಧ?"

"ಇನ್ನರ್ಧಕ್ಕೆ ನಾವಿದೀವಿ."

"ಜಾರೋದು ಯಾಕೆ ಸಿಸ್ಟರ್?" ಸೊಸೆ ಕೇಳಿದಳು.

"ಸೊಂಟದ ತಳದಲ್ಲಿ ಮಾಂಸಖಂಡಗಳು ಜೋಲಿ ಕಟ್ಟಿದ ಹಾಗೆ ಇರುತ್ತೆ. ಮೇಲಿರೋದನ್ನೆಲ್ಲ ಅದೇ ಹೊತ್ತಿರೋದು. ಹೆರಿಗೆಲಿ ಅದು ಹಿಗ್ಗುತ್ತೆ. ಆಮೇಲೆ ವರ್ಷಗಟ್ಟಲೆ ಭಾರ ಎತ್ತಿದ್ರೆ, ಬಿಡದ ಕೆಮ್ಮು ಇದ್ರೆ, ಮಲಕ್ಕೆ ತಿಣುಕಿದ್ರೆ, ಮುಟ್ಟು ನಿಂತ ವಯಸ್ಸಾದ್ರೆ, ಸಡಿಲ ಆಗುತ್ತೆ."

ದೊಡ್ಡಕ್ಕ ಯೋಚಿಸಿ ಹೇಳಿದಳು. "ನಮ್ಮ ಬಟ್ಟೆ ಹಗ್ಗದ ಹಾಗೆ. ದಿನಾ ಒದ್ದೆ ಕಂಬಳಿ ಹಾಕಿದ್ರೆ ಜೋತುಬೀಳುತ್ತೆ. ನಡುವೆ ಕವೆಗೋಲು ಕೊಡಬೇಕಾಗುತ್ತೆ."

"ನಾನು ಹತ್ತು ವರ್ಷದಿಂದ ಹೇಳ್ತಿದ್ದರೂ ಇಷ್ಟು ಚೆನ್ನಾಗಿ ಹೇಳೋಕೆ ಬಂದಿರಲಿಲ್ಲ" ಎಂದರು ನರ್ಸ್. "ರಿಂಗ್ ಅಂದ್ರೆ ಅದೇ, ಕವೆಗೋಲು."

ಆಗ ದೊಡ್ಡಕ್ಕ ಕೈಯಲ್ಲಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. "ಇದು?"

ಮೂಲೆಯಲ್ಲಿ, ಲಾಂಡ್ರಿಗೆ ಹೋಗಬೇಕಾದ ಬಟ್ಟೆಯ ಚೀಲ ಬಿದ್ದಿತ್ತು. ನರ್ಸ್ ಅದನ್ನು ಎತ್ತಿ ಮಂಚದ ಮೇಲೆ ನಿಲ್ಲಿಸಿ ಬಾಯಿ ಕಟ್ಟಿದರು. "ಇದಕ್ಕೆ ನಡುವಲ್ಲಿ ಬಿಗೀರಿ. ನಿಮ್ಮ ಕೈಯಳತೆಯಲ್ಲೇ."

ದೊಡ್ಡಕ್ಕ ಮೂರು ಸುತ್ತು ಸುತ್ತಿದಳು. ಮೊಣಕಾಲು ಊರಿ ಎಳೆದಳು. ಚೀಲದ ನಡು ಸಣ್ಣಗಾಯಿತು. ತಳ ಗುಂಡಗೆ ಉಬ್ಬಿತು. ಇನ್ನೊಂದು ಸುತ್ತಿಗೆ ತಳದ ಹೊಲಿಗೆ ಬಿಗಿದುಕೊಂಡು ಎಳೆ ಎಳೆಯಾಗಿ ಕಂಡಿತು.

ಅವಳು ಪಟ್ಟಿ ಕೈಬಿಟ್ಟಳು.

"ಹಾಗಾದ್ರೆ ನಾನೇ..."

"ಹಾಗನ್ನಬೇಡಿ," ನರ್ಸ್ ತಡೆದರು. "ಪಟ್ಟಿಯಿಂದಲೇ ಜಾರಿತು ಅಂತ ನಾನು ಹೇಳಲಾರೆ. ಹೆರಿಗೆ, ಭಾರ, ವಯಸ್ಸು, ಹುಟ್ಟಿನಿಂದ ಬಂದ ಮೈಕಟ್ಟು, ಎಲ್ಲ ಸೇರಿರುತ್ತೆ. ಪಟ್ಟಿನೇ ಕಟ್ಟದವರಿಗೂ ಜಾರುತ್ತೆ. ಆದ್ರೆ ಇಷ್ಟು ಬಿಗಿದ್ರೆ ಒತ್ತಡ ಕೆಳಗೆ ಹೋಗುತ್ತೆ, ಜಾರಿದ್ದನ್ನಂತೂ ಅದು ಮೇಲೆ ಎತ್ತಲ್ಲ. ನೀವು ಒಳ್ಳೇದು ಅಂತ ಮಾಡಿದ್ರಿ. ಈಗ ಗೊತ್ತಾಯ್ತಲ್ಲ."

ಪರೀಕ್ಷೆಯಾಯಿತು. ಸೊಸೆಗೆ ಏನೂ ಜಾರಿರಲಿಲ್ಲ, ತಳದ ಮಾಂಸಖಂಡ ಸಡಿಲವಾಗಿತ್ತು. ಅದಕ್ಕೆ ವ್ಯಾಯಾಮ ಹೇಳಿಕೊಟ್ಟರು. ಮೂತ್ರವನ್ನೂ ಗಾಳಿಯನ್ನೂ ತಡೆಹಿಡಿಯುವ ಹಾಗೆ ಕೆಳಗಿನ ಮಾಂಸವನ್ನು ಒಳಗೆ, ಮೇಲಕ್ಕೆ ಎಳೆಯುವುದು. ಐದು ಎಣಿಸುವ ತನಕ ಹಿಡಿದು ಬಿಡುವುದು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ, ಮೂರು ತಿಂಗಳಾದರೂ ಬಿಡದೆ. ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ಮಧ್ಯೆ ಮಧ್ಯೆ ತಡೆದು ಅಭ್ಯಾಸ ಮಾಡಬಾರದು. "ಯಾರಿಗೂ ಗೊತ್ತಾಗಲ್ಲ. ಬಸ್ಸಲ್ಲಿ ಕೂತೂ ಮಾಡಬಹುದು" ಎಂದರು. "ಮುಖ ಮಾತ್ರ ಹಿಂಡ್ಕೋಬೇಡ, ಪಕ್ಕದವರು ಎದ್ದು ಹೋಗ್ತಾರೆ."

ದೊಡ್ಡಕ್ಕನಿಗೆ ಗರ್ಭಕೋಶ ಇಳಿದಿತ್ತು, ಎರಡನೆಯ ಹಂತ. ಅಂದರೆ ಯೋನಿಯ ಬಾಗಿಲ ಹತ್ತಿರ ಬಂದಿದೆ, ಪೂರ್ತಿ ಹೊರಬಿದ್ದಿಲ್ಲ. ವಾರಕ್ಕೆರಡು ದಿನ ಬರುವ ವೈದ್ಯೆ ಮಧ್ಯಾಹ್ನ ಬಂದು ಅಳತೆ ನೋಡಿ ರಿಂಗ್ ಹಾಕಿದರು. ದೊಡ್ಡಕ್ಕ ಎದ್ದು ನಿಂತಳು. ನಾಲ್ಕು ಹೆಜ್ಜೆ ನಡೆದಳು. ಕೆಮ್ಮಿ ನೋಡಿದಳು. ಎಂಟು ತಿಂಗಳ ಮೇಲೆ ಮೊದಲ ಸಲ ಕೆಳಗೆ ಏನೂ ಬೀಳಲಿಲ್ಲ.

"ಇದು ಹಾಕಿ ಮರೆಯೋದಲ್ಲ" ಎಂದು ವೈದ್ಯೆ ಎಚ್ಚರಿಸಿದರು. "ಮೂರು ತಿಂಗಳಿಗೆ ಬನ್ನಿ, ತೆಗೆದು ತೊಳೆದು ಒಳಗೆ ನೋಡ್ತೀವಿ. ಮಧ್ಯೆ ರಕ್ತ ಕಂಡ್ರೆ, ವಾಸನೆ ಬಂದ್ರೆ, ನೋವಾದ್ರೆ ಕಾಯಬೇಡಿ. ಮೂತ್ರ ಕಟ್ಟಿಕೊಂಡ್ರಂತೂ ಅದೇ ದಿನ ಬರಬೇಕು. ನೀರು ಚೆನ್ನಾಗಿ ಕುಡೀರಿ. ಮಲಕ್ಕೆ ತಿಣುಕಬೇಡಿ. ಭಾರ ಎತ್ತಲೇಬೇಕಾದ್ರೆ ಇಬ್ಬರು ಸೇರಿ ಎತ್ತಿ, ಎತ್ತುವಾಗ ಉಸಿರು ಬಿಡಿ."

ಸಂಜೆ ಗಂಡನಿಗೆ ಹೇಳಬೇಕಾಯಿತು. ಅವನು ಬೀಗ ರಿಪೇರಿಯವನು. ಮನೆಯ ಮುಂದಿನ ಗೂಡಂಗಡಿಯಲ್ಲಿ ಕೀಲಿಗೆ ಅರ ತಿಕ್ಕುತ್ತ ಕೂತಿದ್ದ. ಎಲ್ಲ ಕೇಳಿ ಅರ ಕೆಳಗಿಟ್ಟ.

"ಅಂದ್ರೆ ಮಂಡಿ?"

"ಮಂಡಿಗೆ ಏನೂ ಆಗಿಲ್ಲ ರೀ."

"ನಾಲ್ಕು ಶೀಶೆ ಎಣ್ಣೆ ತಿಕ್ಕಿದೀನಲ್ಲೇ!"

"ಮಂಡಿ ಚೆನ್ನಾಗಿದೆ ಅದಕ್ಕೇ."

ಅವನು ನಗಲಿಲ್ಲ. ಕೈಯಲ್ಲಿದ್ದ ಕೀಲಿಯನ್ನು ಡಬ್ಬಿಗೆ ಹಾಕಿ ಹೇಳಿದ: "ಊರಿನ ಬೀಗ ಎಲ್ಲ ತೆಗೆದಿದೀನಿ. ಮೂವತ್ತು ವರ್ಷದಿಂದ ನಿನ್ನ ಬಾಯಿದು ಮಾತ್ರ ಆಗಲಿಲ್ಲ. ನಾನು ಬೈತೀನಿ ಅಂದ್ಕೊಂಡ್ಯಾ?"

"ಬಿಟ್ಟುಬಿಡ್ತೀರಿ ಅಂದ್ಕೊಂಡೆ." ಈ ಮಾತು ತನ್ನ ಬಾಯಿಂದ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಅವನು ಎದ್ದು ಒಳಗೆ ಹೋದ. ನೀರು ತುಂಬಿದ ಕೊಡ ಎತ್ತಿ ಒಲೆಯ ಪಕ್ಕಕ್ಕೆ ತಂದಿಟ್ಟ. ಒಂದು ಲೋಟ ತುಂಬಿ ಅವಳ ಕೈಗೆ ಕೊಟ್ಟ. "ಇನ್ಮೇಲೆ ಇದು ನನ್ನ ಕೆಲಸ. ಕುಡಿ."

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಮಾರನೆಯ ದಿನ ಲಾಂಡ್ರಿಗೆ ಹೋಗಬೇಕಾದದ್ದು ಇತ್ತಲ್ಲ, ಅದೇ ಕಷ್ಟದ್ದು. ದಾರಿಯುದ್ದಕ್ಕೂ ದೊಡ್ಡಕ್ಕ ಹಿಂದೆ ತಿರುಗಿ ಹೋಗೋಣವೇ ಎಂದು ನಾಲ್ಕು ಸಲ ಕೇಳಿದಳಂತೆ. ಸೊಸೆ ನಾಲ್ಕು ಸಲವೂ ಬೇಡ ಎಂದಳಂತೆ.

ಹೆಂಗಸರು ಪಟ್ಟಿ ಹಿಡಿದು ನಿಂತಿದ್ದರು. ದೊಡ್ಡಕ್ಕ ತನ್ನ ಪಟ್ಟಿ ಮುಟ್ಟಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ನನ್ನ ಗರ್ಭಕೋಶ ಜಾರಿದೆ" ಎಂದಳು.

ನೆನಪಿದ್ದಷ್ಟನ್ನು ಹೇಳಿದಳು. ಪದದ ಅರ್ಥ ಹೇಳಿದಳು, ಎರಡು ಪ್ರಶ್ನೆ ಹೇಳಿದಳು. ಒಂದು ಚೀಲಕ್ಕೆ ಪಟ್ಟಿ ಬಿಗಿದು ತೋರಿಸಿದಳು. ಕೊನೆಗೆ, "ಇಷ್ಟು ವರ್ಷ ನಿಮಗೆಲ್ಲ ಕಟ್ಟಿದ್ದು ನಾನೇ. ಗೊತ್ತಿಲ್ಲದೆ ಕಟ್ಟಿದೆ. ಇನ್ನು ಕಟ್ಟಲ್ಲ" ಎಂದಳು.

ಮೊದಲು ಮಾತಾಡಿದ್ದು ಬಾಣಲೆ. "ಅಯ್ಯೋ, ನಮ್ಮಜ್ಜಿನೂ ಕಟ್ಕೋತಿದ್ಲು. ಎಂಬತ್ತು ವರ್ಷ ಬದುಕಿದ್ಲು."

"ಬದುಕಿದ್ಲು ಸರಿ. ಹೇಗೆ ನಡೀತಿದ್ಲು?" ಎಂದಳು ದೊಡ್ಡಕ್ಕ.

ಅಜ್ಜಿ ಕಾಲಗಲಿಸಿ ನಡೆಯುತ್ತಿದ್ದದ್ದು ಬಾಣಲೆಗೆ ನೆನಪಾಗಿರಬೇಕು. ಬಟ್ಟೆ ಹಿಂಡಲು ಹೋದಳು.

ಆವತ್ತು ಪಟ್ಟಿ ಕಟ್ಟದೆ ಕೆಲಸಕ್ಕಿಳಿದವರು ಮೂವರೇ. ಉಳಿದವರು ಕಟ್ಟಿಕೊಂಡರು, ಆದರೆ ದೊಡ್ಡಕ್ಕನ ಕಡೆ ನೋಡಲಿಲ್ಲ. ಮೇಸ್ತ್ರಿ ಮೊದಲು ಗೊಣಗಿದ. ಆಮೇಲೆ, ಅವನ ಹೆಂಡತಿ ಏನು ಹೇಳಿದಳೋ ಏನೋ, ವಾರದೊಳಗೆ ಒಣ ಕಡೆಯ ಒಂದು ತಳ್ಳುಗಾಡಿಯನ್ನು ಒದ್ದೆ ಕಡೆಗೆ ಕಳಿಸಿದ. ಮೆಟ್ಟಿಲ ಹತ್ತಿರ ಮಾತ್ರ ಇಬ್ಬರು ಸೇರಿ ಎತ್ತಬೇಕು. ಸೊಸೆಯನ್ನು ಆರು ತಿಂಗಳು ಹಗ್ಗದ ಕೆಲಸಕ್ಕೆ ಮಾತ್ರ ಹಾಕಲು ಒಪ್ಪಿದ.

ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ, ಬಾಣಲೆ ದೊಡ್ಡಕ್ಕನ ಪಕ್ಕ ಬಂದು ಕೂತಳು. ಬುತ್ತಿ ಬಿಚ್ಚಲಿಲ್ಲ.

"ಆ ಡಾಕ್ಟರಮ್ಮ ಯಾವ ಯಾವ ವಾರ ಬರ್ತಾರೆ?"

"ಸೋಮವಾರ, ಗುರುವಾರ. ಯಾಕೆ?"

"ಯಾಕಿಲ್ಲ. ನನ್ನ ನಾದಿನಿಗೆ."

"ಸರಿ. ನಾದಿನಿ ಜೊತೆ ನಾನೂ ಬರ್ತೀನಿ" ಎಂದಳು ದೊಡ್ಡಕ್ಕ. ಬಾಣಲೆಗೆ ನಾದಿನಿಯೇ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಅಕ್ಕಂದಿರೇ, ತಂಗಿಯರೇ, ಇದನ್ನು ಕೇಳುತ್ತಿರುವ ಗಂಡಸರೇ. ಕೆಳಗೆ ಭಾರವಾದರೆ, ಏನೋ ಇಳಿದ ಹಾಗೆ ಅನ್ನಿಸಿದರೆ, ಕೆಮ್ಮಿದರೆ ಮೂತ್ರ ಸೋರಿದರೆ, ಅದನ್ನು ಬಟ್ಟೆ ಬಿಗಿದು ಮುಚ್ಚಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಚೀಟಿಯಲ್ಲಿ ದೊಡ್ಡ ಪದ ಬರೆದಿದ್ದರೆ ಟ್ರಂಕಿನ ತಳಕ್ಕೆ ಹಾಕಬೇಡಿ, ಬರೆದವರನ್ನೇ ಕೇಳಿ: ಯಾವುದು ಜಾರಿದೆ, ಎಷ್ಟು ಜಾರಿದೆ, ನಾನೇನು ಮಾಡಬೇಕು? ಕೇಳುವುದರಲ್ಲಿ ನಾಚಿಕೆಯಿಲ್ಲ. ವ್ಯಾಯಾಮ ಉಂಟು, ರಿಂಗ್ ಉಂಟು, ಬೇಕಾದವರಿಗೆ ಶಸ್ತ್ರಚಿಕಿತ್ಸೆಯೂ ಉಂಟು. ಮನೆಯವರು ಬೈಯುವ ಬದಲು ನೀರಿನ ಕೊಡ ಎತ್ತಿಕೊಡಿ.

ದೊಡ್ಡಕ್ಕನಿಗೆ ರಿಂಗ್ ಕೊನೆಯವರೆಗೂ ಸಾಕಾದೀತೋ, ಮುಂದೆ ಶಸ್ತ್ರಚಿಕಿತ್ಸೆ ಬೇಕಾದೀತೋ, ಈಗಲೇ ಯಾರೂ ಹೇಳಲಾರರು. ಒಂದೇ ಮೂಟೆ ಹೊತ್ತ ಇಬ್ಬರಲ್ಲಿ ಒಬ್ಬಳಿಗೆ ಜಾರಿ ಇನ್ನೊಬ್ಬಳಿಗೆ ಏಕೆ ಜಾರುವುದಿಲ್ಲ ಎಂದು ಕೇಳಿದರೆ, ತಿಳಿದವರೂ ಪೂರ್ತಿ ಉತ್ತರ ಕೊಡಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಎಷ್ಟೋ ಹೆಂಗಸರು ಒದ್ದೆ ಕಡೆಗೆ ಬಂದರು, ಹೋದರು. ಕೆಲವರು ಮದುವೆಯಾಗಿ ಬೇರೆ ಊರು ಸೇರಿದರು, ಕೆಲವರು ಕಾರಣ ಹೇಳದೆ ಕೆಲಸ ಬಿಟ್ಟರು. ಅವರಲ್ಲಿ ಎಷ್ಟು ಮಂದಿ ಎಲ್ಲೆಲ್ಲಿ ಮಂಡಿನೋವು ಎಂದು ಹೇಳಿಕೊಂಡು ಕಾಲಗಲಿಸಿ ನಡೆಯುತ್ತಿದ್ದಾರೋ, ಅದು ದೊಡ್ಡಕ್ಕನಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲ.